ಬರಿಗಾಲಿನ ಹರಕೆ

ಅವರ ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಕಡೆಯವರು ಮೊದಲು ಹೆಸರಿನಲ್ಲಿ ಜಾತಿ ಹುಡುಕುತ್ತಾರೆ. ಜಾತಿ ಸಿಕ್ಕ ಮೇಲೆ ಪಕ್ಷ ಯಾವುದೆಂದು ತಾವೇ ತೀರ್ಮಾನಿಸಿಕೊಳ್ಳುತ್ತಾರೆ. ಆಮೇಲೆ ಮುಂದಿನ ಸಾಲು ಓದುವುದಿಲ್ಲ. ಹಾಗಾಗಿ ಹೊಸನಗರದ ಜನ ಕರೆಯುತ್ತಿದ್ದ ಹಾಗೆ ಮೈಕಣ್ಣ ಎಂದೇ ಬರೆಯುತ್ತೇನೆ. ಈ ವರ್ಷ ಯುಗಾದಿ ಕಳೆದ ಮೇಲೆ ತೀರಿಕೊಂಡರು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದ್ದೂ ಅವರ ತಮ್ಮನದ್ದೂ ಸೇರಿ ಒಂದು ಅಂಗಡಿ ಇತ್ತು. ಅಣ್ಣನದು ಮೈಕ್ ಮತ್ತು ಲೈಟು, ತಮ್ಮನದು ಶಾಮಿಯಾನ ಮತ್ತು ಕುರ್ಚಿ. ಮದುವೆಯಾಗಲಿ, ಗೃಹಪ್ರವೇಶವಾಗಲಿ, ಯಾರೋ ಸತ್ತ ಮನೆಯಾಗಲಿ, ಒಂದು ಮಾತು ಹೇಳಿಬಿಟ್ಟರೆ ಎಲ್ಲವೂ ಒಂದೇ ಜೀಪಿನಲ್ಲಿ ಬರುತ್ತಿತ್ತು. ನಾನು ಅಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಆ ಒಂದೇ ಕಾರಣಕ್ಕೆ ಊರಿನ ಸಭೆ ಸಮಾರಂಭಗಳ ನಿರೂಪಣೆಯೆಲ್ಲ ನನ್ನ ತಲೆಗೆ ಕಟ್ಟುತ್ತಿದ್ದರು. ಹಾಗೆ ಮೈಕಿನ ಮುಂದೆ ನಾನು, ಆಂಪ್ಲಿಫೈಯರಿನ ಹಿಂದೆ ಅವರು, ನಿವೃತ್ತನಾಗುವವರೆಗೂ ಜೊತೆಗಿದ್ದೆವು.

ಕೆಲಸದ ಹೊತ್ತಿನಲ್ಲಿ ಅವರು ಬಾಯಿ ಬಿಡುತ್ತಿರಲಿಲ್ಲ. ಎಲ್ಲವೂ ಕೈಸನ್ನೆ. ಅಂಗೈ ಕೆಳಗೆ ಮಾಡಿ ಒತ್ತಿದರೆ ನಿಧಾನ ಎಂದು ಅರ್ಥ. ಮೂಗಿನ ತುದಿ ಮುಟ್ಟಿಕೊಂಡರೆ ಮೈಕಿಗೆ ತೀರಾ ಹತ್ತಿರ ಬಂದಿದ್ದೀರಿ ಎಂದು. ಯಾರಾದರೂ ಭಾಷಣ ನಿಲ್ಲಿಸದಿದ್ದರೆ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು. ನಾನು ತಲೆ ಆಡಿಸಿದರೆ ಸಾಕು, ಭಾಷಣಕಾರರ ದನಿ ತಾನೇ ತಾನಾಗಿ ಸಣ್ಣಗಾಗುತ್ತ ಹೋಗುತ್ತಿತ್ತು. ಅವರು ತಮಗೇ ಸುಸ್ತಾಯಿತು ಎಂದುಕೊಂಡು ಕೂರುತ್ತಿದ್ದರು. ಒಬ್ಬ ತಹಶೀಲ್ದಾರರಿಗೆ ಹೀಗೆ ಮಾಡಿ ನಾವಿಬ್ಬರೂ ವೇದಿಕೆಯ ಹಿಂದೆ ಹೋಗಿ ನಕ್ಕಿದ್ದು ನೆನಪಿದೆ.

ವಿದ್ಯುತ್ ಯೋಜನೆಯ ಊರಾದ ಮಾಸ್ತಿಕಟ್ಟೆಯ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಹೋದಾಗ ನಡುವೆ ಕರೆಂಟ್ ಹೋಯಿತು. ನಾಡಿಗೆಲ್ಲ ಕರೆಂಟ್ ಕೊಡುವ ಜಾಗದಲ್ಲೇ ಕರೆಂಟ್ ಇಲ್ಲವಲ್ಲ ಎಂದು ಅತಿಥಿಗಳು ಗೊಣಗಿದರು. ಹಾಡಲು ನಿಂತಿದ್ದ ಮಕ್ಕಳು ಹೆದರಿ ಸುಮ್ಮನಾದವು. ಮೈಕಣ್ಣ ಆಂಪ್ಲಿಫೈಯರ್ ಬಿಟ್ಟು ಎದ್ದು ಬಂದು ಸಭೆಯ ನಡುವೆ ನಿಂತು, ಎಲ್ಲರೂ ಉಸಿರು ಬಿಡೋ ಸದ್ದೂ ಮಾಡ್ಬೇಡಿ, ಮಕ್ಳು ಹಾಡ್ತಾವೆ ಎಂದರು. ಅಷ್ಟು ದೊಡ್ಡ ಸಭೆ ಮೌನವಾಯಿತು. ಆ ಹಾಡು ಕೊನೆಯ ಸಾಲಿನವರಿಗೂ ಕೇಳಿತು.

ಚುನಾವಣೆ ಬಂದರೆ ಅಣ್ಣ ತಮ್ಮ ಇಬ್ಬರಿಗೂ ಹಬ್ಬ. ಬೆಳಿಗ್ಗೆ ಒಂದು ಪಕ್ಷದ ಪ್ರಚಾರ, ಮಧ್ಯಾಹ್ನದ ಮೇಲೆ ಇನ್ನೊಂದರದ್ದು, ಅದೇ ಜೀಪು. ತಮ್ಮ ಸ್ಟಿಯರಿಂಗ್ ಹಿಡಿದರೆ ಅಣ್ಣ ಪಕ್ಕದಲ್ಲಿ ಕುಳಿತು ಕೂಗುವುದು. ರಿಪ್ಪನ್‌ಪೇಟೆ ರಸ್ತೆಯಲ್ಲಿ ಒಂದು ಹಲಸಿನ ಮರದ ಕೆಳಗೆ ಜೀಪು ನಿಲ್ಲಿಸಿ, ಬುತ್ತಿ ಉಂಡು, ಒಂದು ಬಾವುಟ ಬಿಚ್ಚಿ ಮತ್ತೊಂದು ಕಟ್ಟುತ್ತಿದ್ದರು. ಬಿಚ್ಚಿದ ಬಾವುಟವನ್ನು ಮಡಚಿ ಸೀಟಿನಡಿ ಇಡುತ್ತಿದ್ದರೇ ಹೊರತು ಎಂದೂ ನೆಲಕ್ಕೆ ಬಿಸಾಡಿದ್ದು ನಾನು ಕಂಡಿಲ್ಲ. ಒಮ್ಮೆ ಕೇಳಿದ್ದೆ, ನಿಮ್ಮ ವೋಟು ಯಾರಿಗೆ ಎಂದು. "ಮೈಕಿಗೆ ಪಕ್ಷ ಇಲ್ಲ ಮೇಷ್ಟ್ರೆ. ಬ್ಯಾಟ್ರಿ ಇದ್ರೆ ಸಾಕು" ಎಂದರು. ತಮ್ಮ ಆಗಲೇ ಪಂಚಾಯ್ತಿ ಮೆಂಬರಾಗಿ ಒಂದು ಪಕ್ಷದಲ್ಲಿ ಗುರುತಿಸಿಕೊಂಡಿದ್ದರು. ಅದು ಅಂಗಡಿಯೊಳಗೆ ಬಂದಿರಲಿಲ್ಲ.

ಅದೆಲ್ಲ ಬದಲಾಗಿದ್ದು ತೀರ್ಥಹಳ್ಳಿಯ ಒಂದು ಸಭೆಯಲ್ಲಿ.

ಅಲ್ಲಿಗೆ ಒಬ್ಬ ದೊಡ್ಡ ನಾಯಕರು ಬಂದಿದ್ದರು. ಅವರ ಹೆಸರೂ ಬೇಡ, ಸಾಹೇಬರು ಎನ್ನೋಣ. ಅವರ ಅಭಿಮಾನಿಗಳು ಹಾಗೇ ಕರೆಯುತ್ತಾರೆ. ಅವರಿಗೆ ಆ ಸಲ ಮಂತ್ರಿ ಸ್ಥಾನ ತಪ್ಪಿತ್ತು. ತಮ್ಮವರೇ ತಮ್ಮನ್ನು ತುಳಿದರು ಎಂದು ಹೇಳುತ್ತ ಹೇಳುತ್ತ ಮೈಕಿನ ಮುಂದೆ ಗದ್ಗದಿತರಾದರು, ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಸಭೆಯಲ್ಲಿ ಹೆಂಗಸರು ಅತ್ತರು. ಇಳಿದು ಹೋಗುವಾಗ ಅವರು ವೇದಿಕೆಯ ಪಕ್ಕದಲ್ಲಿ ವೈರು ಹಿಡಿದು ನಿಂತಿದ್ದ ಮೈಕಣ್ಣನನ್ನು ಕಂಡು, ನಿಂತು, ಹೆಗಲ ಮೇಲೆ ಕೈಯಿಟ್ಟು, "ನಿನ್ನಿಂದಾಗಿ ನನ್ನ ನೋವು ಹಿಂದೆ ಕೂತವರಿಗೂ ಕೇಳಿಸಿತು ಕಣಪ್ಪ" ಎಂದರಂತೆ.

ಇದನ್ನು ಅವರು ಮರುದಿನ ನನಗೆ ಮೂರು ಸಲ ಹೇಳಿದರು. ಒಂದು ಹೆಗಲು ಮುಟ್ಟಿದ್ದಕ್ಕೆ ಇಷ್ಟೊಂದೇ ಎಂದು ನನಗೆ ಮೊದಲು ಅನ್ನಿಸಿತು. ಆಮೇಲೆ ಯೋಚಿಸಿದೆ. ನಮ್ಮ ಸಭೆಗಳಲ್ಲಿ ವಂದನಾರ್ಪಣೆಯ ಕಟ್ಟಕಡೆಗೆ, ಜನ ಎದ್ದು ಚಪ್ಪಲಿ ಹುಡುಕುತ್ತಿರುವಾಗ, ಧ್ವನಿವರ್ಧಕದ ವ್ಯವಸ್ಥೆ ಮಾಡಿದವರಿಗೂ ಎಂಬ ಒಂದು ಮಾತು ಬರುತ್ತದೆ. ಅದನ್ನು ಯಾರೂ ಕೇಳುವುದಿಲ್ಲ. ಊರೆಲ್ಲರ ಮಾತನ್ನು ಊರಿಗೆ ಮುಟ್ಟಿಸಿದ ಮನುಷ್ಯನ ಕಡೆ ತಿರುಗಿ ಒಬ್ಬರು ಒಂದು ಮಾತು ಆಡಿದ್ದು ಅದೇ ಮೊದಲು.

ಆ ವಾರವೇ ಬಸ್ ನಿಲ್ದಾಣದ ಚಹಾದ ಹೋಟೆಲಿನ ಎದುರು, ಹತ್ತಾರು ಜನರ ಮುಂದೆ, ಅವರು ಚಪ್ಪಲಿ ಬಿಟ್ಟರು. ಸಾಹೇಬರು ಮಂತ್ರಿಯಾಗುವವರೆಗೆ ಕಾಲಿಗೆ ಚಪ್ಪಲಿ ಹಾಕುವುದಿಲ್ಲ ಎಂದು ಹರಕೆ. ಯಾರೋ ಚಪ್ಪಾಳೆ ತಟ್ಟಿದರು. ಅಲ್ಲೇ ಇದ್ದ ಪತ್ರಿಕೆಯ ವರದಿಗಾರರೊಬ್ಬರು ಫೋಟೊ ತೆಗೆದರು. ಮೂರನೆಯ ದಿನ ಪತ್ರಿಕೆಯಲ್ಲಿ ಬಂತು: ಬರಿಗಾಲಿನ ಅಭಿಮಾನಿ. ಆ ಫೋಟೊ ಬರದೇ ಇದ್ದಿದ್ದರೆ ಮಳೆಗಾಲಕ್ಕೆ ಮೊದಲು ಅವರು ಹರಕೆ ಮರೆತು ಚಪ್ಪಲಿ ಮೆಟ್ಟುತ್ತಿದ್ದರು ಎಂದು ಅವರ ಹೆಂಡತಿ ಆಮೇಲೆ ಹೇಳುತ್ತಿದ್ದರು. ಅದೂ ನಿಜವಿರಬಹುದು. ಪತ್ರಿಕೆಯಲ್ಲಿ ಬಂದ ಮೇಲೆ ಹರಕೆ ಅವರದಾಗಿ ಉಳಿಯಲಿಲ್ಲ.

ಮೈಕಣ್ಣ ಬೇರೆ ಮನುಷ್ಯರಾಗುತ್ತ ಹೋದರು. ಸಾಹೇಬರ ಹುಟ್ಟುಹಬ್ಬಕ್ಕೆ ಸಾಗರದಲ್ಲಿ ನಿಲ್ಲಿಸಿದ ಆಳೆತ್ತರದ ಕಟೌಟಿಗೆ ಹಾಲು ಸುರಿದರು. ಮನೆಯ ದೇವರ ಗೂಡಿನಲ್ಲಿ ಸಾಹೇಬರ ಫೋಟೊ ಬಂತು. ಸಾಹೇಬರ ವಿರೋಧಿಗಳ ಸಭೆಗೆ ಮೈಕ್ ಕೊಡುವುದು ನಿಂತಿತು. ಸಭೆಯಲ್ಲಿ ಯಾರಾದರೂ ಸಾಹೇಬರ ಪಕ್ಷದ ಬಗ್ಗೆ ಒಂದು ಟೀಕೆಯ ಮಾತು ಆಡಿದರೆ ದನಿ ಸಣ್ಣಗಾಗುತ್ತಿತ್ತು. ಈಗ ನನ್ನ ಕಡೆ ನೋಡಿ ಹುಬ್ಬು ಹಾರಿಸುವುದಿಲ್ಲ. ನಗುವುದೂ ಇಲ್ಲ.

ಅವರೊಬ್ಬರೇ ಹೀಗಾದದ್ದಲ್ಲ. ಬಸ್ ನಿಲ್ದಾಣದ ಒಂದು ಹೋಟೆಲು ಈ ಕಡೆಯವರದು, ಇನ್ನೊಂದು ಆ ಕಡೆಯವರದು ಎಂದಾಯಿತು. ಗಣಪತಿ ಎರಡು ಕಡೆ ಕೂತಿತು. ನಮ್ಮ ಸ್ಟಾಫ್ ರೂಮಿನಲ್ಲಿ ಮೊದಲು ಮನೆಯಿಂದ ತಂದ ಉಪ್ಪಿನಕಾಯಿ ಹಂಚಿಕೊಳ್ಳುತ್ತಿದ್ದವರು ಎರಡು ಬೆಂಚಿಗೆ ಬೇರೆಯಾದರು. ಹೊಸಬರು ಯಾರಾದರೂ ಊರಿಗೆ ವರ್ಗವಾಗಿ ಬಂದರೆ ಮನೆ ಸಿಕ್ಕಿತೇ ಎಂದು ಕೇಳುವ ಮೊದಲು ಅವರು ಯಾವ ಕಡೆ ಎಂದು ಕೇಳುತ್ತಿದ್ದೆವು.

ಅಣ್ಣ ತಮ್ಮನ ನಡುವೆ ಒಡೆದದ್ದು ಫೋನಿನಲ್ಲಿ. ತಮ್ಮನದು ಸಾಹೇಬರ ಎದುರು ಪಕ್ಷ. ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ದಿನ ಅವರು ಅಣ್ಣನ ಬರಿಗಾಲಿನ ಚಿತ್ರ ಹಾಕಿ, ಕೆಳಗೆ ಗುಲಾಮನ ಕಾಲು ಎಂದು ಬರೆದರು. ಎಲ್ಲಿಂದಲೋ ಬಂದದ್ದನ್ನು ಮುಂದೆ ಕಳಿಸಿದ್ದಷ್ಟೇ, ಅದು ಅಣ್ಣನ ಕಾಲು ಎಂದು ಗೊತ್ತಾಗಲಿಲ್ಲ ಎಂದು ಅವರು ಆಮೇಲೆ ಕೆಲವರ ಹತ್ತಿರ ಹೇಳಿದ್ದುಂಟು. ಮೈಕಣ್ಣ ಅದಕ್ಕೆ ಅದೇ ಗುಂಪಿನಲ್ಲಿ, ನೂರಾರು ಜನ ಓದುವ ಹಾಗೆ, ನೀನು ನಮ್ಮಪ್ಪನಿಗೆ ಹುಟ್ಟಿದವನಲ್ಲ ಎಂದು ಉತ್ತರ ಬರೆದರು. ತಾಯಿ ತೀರಿಕೊಂಡು ವರ್ಷ ತುಂಬಿರಲಿಲ್ಲ.

ಅಂಗಡಿಯ ನಡುವೆ ಇಟ್ಟಿಗೆಯ ಗೋಡೆ ಎದ್ದಿತು. ಒಬ್ಬರು ಬರುವ ಕಡೆ ಇನ್ನೊಬ್ಬರು ಬರುವುದಿಲ್ಲ ಎಂದು ಹಟ. ಮೈಕ್ ಬೇಕೆಂದರೆ ಕುರ್ಚಿಯನ್ನು ಸಾಗರದಿಂದ ತರಿಸಬೇಕು, ಕುರ್ಚಿ ಹೊಸನಗರದ್ದಾದರೆ ಮೈಕ್ ತೀರ್ಥಹಳ್ಳಿಯಿಂದ ಬರಬೇಕು. ನಮ್ಮ ಗಣಿತದ ಮೇಷ್ಟ್ರ ಮಗಳ ಮದುವೆಯಲ್ಲಿ ಶಾಮಿಯಾನದ ಕೆಳಗೆ ಜನ ಸಾಲಾಗಿ ಕೂತಿದ್ದರು, ಪುರೋಹಿತರ ಮಂತ್ರ ಮೊದಲ ಸಾಲಿಗೂ ಕೇಳುತ್ತಿರಲಿಲ್ಲ. ಆ ಮೇಷ್ಟ್ರು ನನ್ನ ಹತ್ತಿರ ಬಂದು, ನನ್ನ ಮಗಳ ಮದ್ವೆಗೂ ಇವ್ರ ಪಕ್ಷಕ್ಕೂ ಎಂತ ಸಂಬಂಧ ಎಂದು ಕೇಳಿದರು.

ಮುಂದಿನ ಚುನಾವಣೆ ಬಿರುಬೇಸಿಗೆಯಲ್ಲಿ ಬಂತು. ಸಾಗರದಲ್ಲಿ ಸಾಹೇಬರ ಮೆರವಣಿಗೆ. ಮೈಕಣ್ಣ ಮೆರವಣಿಗೆಯ ಮುಂದೆ, ಕಾದ ಡಾಂಬರಿನ ಮೇಲೆ, ಪೇಟೆಯ ಈ ತುದಿಯಿಂದ ಆ ತುದಿಗೆ ಬರಿಗಾಲಲ್ಲಿ ನಡೆದರು. ಸಂಜೆ ಮನೆಗೆ ಬಂದಾಗ ಬಲಗಾಲಿನ ಅಂಗಾಲು ಬೊಬ್ಬೆ ಎದ್ದಿತ್ತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಬೊಬ್ಬೆ ಒಡೆದು ಗಾಯವಾಯಿತು, ಗಾಯ ಮಾಯಲಿಲ್ಲ. ಸಾಗರದ ವೈದ್ಯರು ಡ್ರೆಸ್ಸಿಂಗ್ ಮಾಡಿ, ಮೆತ್ತನೆಯ ಚಪ್ಪಲಿ ಹಾಕದೆ ಹೆಜ್ಜೆ ಇಡಬೇಡಿ, ಇಟ್ಟರೆ ಕಾಲು ಹೋಗುತ್ತದೆ ಎಂದು ಸ್ಪಷ್ಟವಾಗಿ ಹೇಳಿದರು. ಅವರು ಆಯಿತು ಎಂದು ತಲೆಯಾಡಿಸಿ, ಆಸ್ಪತ್ರೆಯ ಮೆಟ್ಟಿಲನ್ನು ಬರಿಗಾಲಲ್ಲೇ ಇಳಿದು ಬಂದರು. ಆ ಚುನಾವಣೆಯಲ್ಲೂ ಸಾಹೇಬರು ಗೆದ್ದರು, ಮಂತ್ರಿಯಾಗಲಿಲ್ಲ.

ಮೈಕಣ್ಣನ ಹೆಂಡತಿ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದರು. ಹೆಚ್ಚು ಮಾತಿನವರಲ್ಲ. ಜಗಲಿಯ ಅಂಚಿನಲ್ಲಿ ಕೂತು, ನನ್ನ ಹೆಂಡತಿ ಕೊಟ್ಟ ನೀರು ಕುಡಿದು, ಲೋಟ ಪಕ್ಕಕ್ಕಿಟ್ಟರು.

"ನಾ ಹೇಳಿದ್ರೆ ಕೇಳಲ್ಲ. ಮಗಳು ಕಾಲು ಹಿಡ್ಕಂಡು ಅತ್ಲು, ಕೇಳ್ಲಿಲ್ಲ. ಡಾಕ್ಟ್ರು ಹೇಳಿದ್ರೂ ಇಲ್ಲ. ಇನ್ನು ಆ ಸಾಹೇಬ್ರು ಒಬ್ರು ಹೇಳಿದ್ರೆ ಕೇಳ್ತಾರೆ ಮೇಷ್ಟ್ರೆ. ಚಪ್ಲಿ ಹಾಕ್ಯ ಅಂತ ಒಂದು ಮಾತು. ನಂಗೆ ಅವ್ರ ಹತ್ರ ಬೇರೆ ಎಂತದೂ ಬೇಡ."

ಇದು ನನಗೂ ಸರಿ ಎನ್ನಿಸಿತು. ಸಾಹೇಬರು ತೀರ್ಥಹಳ್ಳಿಗೆ ಬರುವ ದಿನ ಗೊತ್ತು ಮಾಡಿಕೊಂಡು, ಅವರ ಆಪ್ತ ಸಹಾಯಕರಿಗೆ ಫೋನು ಮಾಡಿ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವರು ಸಮಾಧಾನದಿಂದ ಕೇಳಿ, ಕರೆದುಕೊಂಡು ಬನ್ನಿ ಎಂದರು. ಸಾಹೇಬರ ದರ್ಶನಕ್ಕೆ ಎಂದು ಮಾತ್ರ ಮೈಕಣ್ಣನಿಗೆ ಹೇಳಿದೆವು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಕಾಲಿನ ಬ್ಯಾಂಡೇಜಿನ ಮೇಲೆ ಪಂಚೆ ಇಳಿಬಿಟ್ಟು ಬಂದರು. ಅವರ ಹೆಂಡತಿ ಒಂದು ಕೈಚೀಲದಲ್ಲಿ ಹೊಸ ಮೆತ್ತನೆಯ ಚಪ್ಪಲಿ ತಂದಿದ್ದರು, ಸಾಹೇಬರು ಹೇಳಿದ ತಕ್ಷಣ ಅಲ್ಲೇ ಹಾಕಿಸಬೇಕೆಂದು.

ಪ್ರವಾಸಿ ಮಂದಿರದ ಅಂಗಳದಲ್ಲಿ ಜನವೋ ಜನ. ಎಲ್ಲರ ಕೈಯಲ್ಲೂ ಫೋನು. ಸಹಾಯಕರು ಕಿವಿಯಲ್ಲಿ ಏನೋ ಹೇಳಿದ ಮೇಲೆ ಸಾಹೇಬರು ಎದ್ದು ಬಂದರು. ಮೈಕಣ್ಣ ಬಗ್ಗುವ ಮೊದಲೇ ಅವರನ್ನು ತಡೆದು, ಬಾಚಿ ತಬ್ಬಿಕೊಂಡರು. ಆಮೇಲೆ ತಾವೇ ಬಗ್ಗಿ ಆ ಬ್ಯಾಂಡೇಜ್ ಕಾಲನ್ನು ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡು, ಸುತ್ತಲಿದ್ದವರಿಗೆ ಕೇಳುವ ಹಾಗೆ ಹೇಳಿದರು: "ನೋಡಿ, ಇಂಥವರು ನನ್ನ ಆಸ್ತಿ. ಈ ಕಾಲಿನ ಋಣ ನಾನು ಎಂದಿಗೂ ತೀರಿಸಲಾರೆ."

ಜೈಕಾರ ಎದ್ದಿತು. ನಾನು ಜನರ ನಡುವೆ ನುಗ್ಗಿ, ಸಾರ್, ಚಪ್ಪಲಿ ಹಾಕಲು ಹೇಳಿ ಸಾರ್ ಎಂದೆ. ನನ್ನ ಮಾತು ನನಗೇ ಕೇಳಲಿಲ್ಲ. ಸಾಹೇಬರು ಕೈಮುಗಿಯುತ್ತ ಕಾರಿನ ಕಡೆ ಹೋದರು. ಕೆಟ್ಟ ಮನುಷ್ಯರು ಎಂದು ನನಗೆ ಅವತ್ತೂ ಅನ್ನಿಸಲಿಲ್ಲ. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಆದರೆ ಹೇಳಬೇಕಾಗಿದ್ದ ಒಂದು ಮಾತು ಹೇಳಲಿಲ್ಲ. ಮನೆ ಮುಟ್ಟುವ ಮೊದಲೇ ಆ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ದಾರಿಯುದ್ದಕ್ಕೂ ಮೈಕಣ್ಣ ಅದನ್ನು ಮತ್ತೆ ಮತ್ತೆ ಹಾಕಿ ನೋಡಿದರು. ಅವರ ಹೆಂಡತಿ ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತ ಕೂತಿದ್ದರು.

ಮೊದಲು ಬೆರಳುಗಳು ಹೋದವು. ಆಮೇಲೆ ಶಿವಮೊಗ್ಗದಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಆಸ್ಪತ್ರೆಗೆ ಪಕ್ಷದವರು ಒಂದು ಸಲ ಬಂದು ಹಣ್ಣು ಕೊಟ್ಟು ಹೋದರು. ತಮ್ಮ ಬರಲಿಲ್ಲ. ಮೈಕಣ್ಣ ಪ್ರಜ್ಞೆ ಬಂದ ಮೇಲೆ ನನ್ನನ್ನು ಕೇಳಿದ ಮೊದಲ ಮಾತು, ಸಾಹೇಬ್ರಿಗೆ ಗೊತ್ತಾಯ್ತಾ ಎಂದು. ಗೊತ್ತಾಗಿದೆ, ತುಂಬ ನೊಂದುಕೊಂಡರು ಎಂದೆ. ಸಾಹೇಬರಿಗೆ ಗೊತ್ತಾಗಿತ್ತೋ ಇಲ್ಲವೋ ನನಗೆ ತಿಳಿಯದು.

ಅದಾಗಿ ಹೆಚ್ಚು ಕಾಲವಾಗಿರಲಿಲ್ಲ. ಒಂದು ಬೆಳಿಗ್ಗೆ ಟಿವಿಯಲ್ಲಿ ಸಾಹೇಬರು ಎದುರು ಪಕ್ಷದ ಬಾವುಟ ಹಿಡಿದು ನಿಂತಿದ್ದರು. ಯಾವ ಪಕ್ಷವನ್ನು ಬೈಯುವುದಕ್ಕೆಂದೇ ಮೈಕಣ್ಣ ಅಷ್ಟು ವರ್ಷ ಗಂಟಲು ಹರಿದುಕೊಂಡಿದ್ದರೋ, ಯಾವ ಪಕ್ಷದಲ್ಲಿ ತಮ್ಮ ಇದ್ದಾನೆಂದು ಗೋಡೆ ಕಟ್ಟಿದ್ದರೋ, ಅದೇ ಪಕ್ಷ. ನಾನು ಹೆದರಿ ಅವರ ಮನೆಗೆ ಹೋದೆ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಟಿವಿ ಆರಿಸಿದ್ದರು. ಆರಿದ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ, ಸಾಹೇಬ್ರು ಎಲ್ಲಿರ್ತಾರೋ ಅದೇ ನಮ್ಮ ಪಕ್ಷ ಮೇಷ್ಟ್ರೆ ಎಂದರು. ಹಾಗಾದರೆ ತಮ್ಮ ಇದ್ದ ಕಡೆಗೇ ನೀವೂ ಬಂದ ಹಾಗಾಯಿತಲ್ಲ ಎಂದೆ. ಅದು ಬೇರೆ ಎಂದು ಮುಖ ತಿರುಗಿಸಿಕೊಂಡರು.

ನಾನು ತಮ್ಮನ ಹತ್ತಿರವೂ ಹೋದೆ. ಕುರ್ಚಿಗಳನ್ನು ಲಾರಿಗೆ ತುಂಬಿಸುತ್ತಿದ್ದರು. ಇನ್ನೇನು ಜಗಳ, ಇಬ್ಬರದೂ ಒಂದೇ ಪಕ್ಷವಾಯಿತಲ್ಲ, ಒಂದು ಸಲ ಹೋಗಿ ಮಾತಾಡಿಸಿ, ಕಾಲು ಕಳೆದುಕೊಂಡು ಮಲಗಿದ್ದಾರೆ ಎಂದೆ. ಅವರು ಕೆಲಸ ನಿಲ್ಲಿಸದೆ ಹೇಳಿದರು: "ಅವ್ರ ಸಾಹೇಬ್ರು ನಮ್ಮಲ್ಲಿಗೆ ಬಂದಿದ್ದು ಮೇಷ್ಟ್ರೆ, ನಾವು ಅವ್ರ ಹತ್ರ ಹೋಗಿದ್ದಲ್ಲ. ಅಣ್ಣ ಮೊದ್ಲು ನಮ್ಮ ಆಫೀಸಿಗೆ ಬಂದು ತಪ್ಪಾಯ್ತು ಅನ್ಲಿ." ಬರುವುದು ಹೇಗೆ, ಕಾಲಿಲ್ಲವಲ್ಲ ಎಂದು ನಾನು ಕೇಳಲಿಲ್ಲ. ಅವರಿಗೂ ಅದು ಹೊಳೆದಿರಬೇಕು, ಆಮೇಲೆ ನನ್ನ ಮುಖ ನೋಡಲಿಲ್ಲ.

ಸಾಹೇಬರು ಕಡೆಗೂ ಮಂತ್ರಿಯಾದರು. ಪ್ರಮಾಣವಚನದ ಮರುದಿನ ಡೊಳ್ಳು, ಪಟಾಕಿಯೊಂದಿಗೆ ಒಂದು ಗುಂಪು ಮೈಕಣ್ಣನ ಮನೆಗೆ ಬಂತು, ನಾನೂ ಅಲ್ಲೇ ಇದ್ದೆ. ಸಾಹೇಬರ ಜೊತೆ ಪಕ್ಷ ಬದಲಿಸಿದವರು. ಅವರಲ್ಲಿ ಒಬ್ಬರ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅರಿಶಿನ ಕುಂಕುಮ ಹಚ್ಚಿದ ಹೊಸ ಚಪ್ಪಲಿ ಜೋಡಿ. ಹರಕೆ ಪೂರೈಸಿದ್ದನ್ನು ವಿಡಿಯೊ ಮಾಡಿ ಬೆಂಗಳೂರಿಗೆ ಕಳಿಸಬೇಕಂತೆ. ಬಾಗಿಲಲ್ಲಿ ಮೈಕಣ್ಣನ ಹೆಂಡತಿ ನಿಂತಿದ್ದರು. ಒಳಗೆ ಬಂದ ಮೇಲೆಯೇ ಆ ಗುಂಪಿಗೆ ಒಂದು ಕಾಲು ಇಲ್ಲವೆಂಬುದು ನೆನಪಾಯಿತು. ತಟ್ಟೆ ಹಿಡಿದವನು ಹಿಂದೆ ತಿರುಗಿ ನೋಡಿದ. ವಾಪಸು ಹೋಗಿ ಎಂದು ಅವರ ಹೆಂಡತಿ ಹೇಳುವಷ್ಟರಲ್ಲಿ ಮೈಕಣ್ಣನೇ, ಬನ್ನಿ ಬನ್ನಿ ಎಂದು ಎಡಗಾಲು ಮುಂದೆ ಚಾಚಿದರು. ಎಡಗಾಲಿಗೆ ಒಂದು ಚಪ್ಪಲಿ ಹಾಕಿದರು. ಇನ್ನೊಂದನ್ನು ಅವರು ತಾವೇ ಕೈ ನೀಡಿ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ವಿಡಿಯೊ ಮಾಡುವವನು, ಆ ಕಡೆ ಸ್ವಲ್ಪ ಶಾಲು ಹೊದಿಸಿ ಎಂದ. ಯಾರೋ ಹೊದಿಸಿದರು. ಮೈಕಣ್ಣ ಕ್ಯಾಮೆರಾ ನೋಡಿ ನಕ್ಕರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹಿತ್ತಲಿಗೆ ಹೋಗಿ ನಿಂತೆ.

ಎಲ್ಲರೂ ಹೋದ ಮೇಲೆ ಒಳಗೆ ಬಂದೆ. ಅವರು ಶಾಲು ತೆಗೆದು ಪಕ್ಕಕ್ಕಿಟ್ಟಿದ್ದರು. ನಗು ಇರಲಿಲ್ಲ.

"ಇಲ್ದಿರೋ ಕಾಲು ತುರಿಸ್ತದೆ ಮೇಷ್ಟ್ರೆ. ಕೆರ್ಕಳಣ ಅಂತ ಕೈ ಹೋಗ್ತದೆ. ಅಲ್ಲಿ ಎಂತದೂ ಇಲ್ಲ."

ನಾನು ಮಂಚದ ಅಂಚಿನಲ್ಲಿ ಕೂತೆ. ಕೇಳಿಯೇಬಿಟ್ಟೆ, ಇಷ್ಟೆಲ್ಲ ಆದ ಮೇಲೂ ನಿಮಗೆ ಅವರ ಮೇಲೆ ಬೇಸರ ಇಲ್ಲವೇ ಎಂದು.

"ಬೇಸರ ಮಾಡ್ಕಳಕ್ಕೆ ಹೆದ್ರಿಕೆ ಆಗ್ತದೆ" ಎಂದರು. "ಅವ್ರು ಸರಿ ಇಲ್ಲ ಅಂತ ಈಗ ಒಪ್ಕಂಡ್ರೆ, ಈ ಕಾಲು ಎಂತಕ್ಕೆ ಹೋಯ್ತು ಅಂತ ನನ್ ಮಗಳಿಗೆ ಹೇಳ್ಲಿ? ತಮ್ಮನ್ನ ಎಂತಕ್ಕೆ ಬಿಟ್ಟೆ ಅಂತ ಹೇಳ್ಲಿ? ಅವ್ರು ಸರಿ ಇರ್ಲೇಬೇಕು ಮೇಷ್ಟ್ರೆ. ನಂಗೆ ಬೇರೆ ದಾರಿ ಇಲ್ಲ."

ಆ ಮಾತನ್ನು ಅವರು ಮತ್ತೆಂದೂ ಆಡಲಿಲ್ಲ, ನಾನೂ ಎತ್ತಲಿಲ್ಲ. ಹೋಗಿ ಕೂತರೆ ಹಳೆಯ ಕಾರ್ಯಕ್ರಮಗಳ ಸುದ್ದಿ ಮಾತಾಡುತ್ತಿದ್ದೆವು. ಆಗುಂಬೆಯ ಮದುವೆಯೊಂದರಲ್ಲಿ ಮಳೆಗೆ ಧ್ವನಿವರ್ಧಕದ ಹಾರನ್ನಿನೊಳಗೆ ನೀರು ತುಂಬಿ ವಾಲಗದ ಸದ್ದು ಗುಳುಗುಳು ಎಂದಿದ್ದು, ಹೆಗ್ಗೋಡಿನ ನಾಟಕದವರು ನಮಗೆ ಮೈಕೇ ಬೇಡ ಎಂದು ವಾಪಸು ಕಳಿಸಿದ್ದು. ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿತ್ತು. ಯುಗಾದಿ ಕಳೆದು ಒಂದು ಬೆಳಿಗ್ಗೆ ಚಹಾ ಕೊಡಲು ಹೋದ ಮಗಳಿಗೆ ಮೈ ತಣ್ಣಗಾಗಿದ್ದು ತಿಳಿಯಿತು.

ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ಎರಡು ಗುಂಪುಗಳಾಗಿದ್ದವು. ಒಂದು, ಸಾಹೇಬರು ಬಿಟ್ಟು ಹೋದ ಹಳೆಯ ಪಕ್ಷದವರು. ಇನ್ನೊಂದು, ಅವರ ಜೊತೆ ಹೊಸ ಪಕ್ಷಕ್ಕೆ ಹೋದವರು. ಎರಡೂ ಗುಂಪಿನವರ ಕೈಯಲ್ಲಿ ಮಡಚಿದ ಬಾವುಟ ಇತ್ತು. ನಿಷ್ಠಾವಂತ ಕಾರ್ಯಕರ್ತರಾದ್ದರಿಂದ ಪಕ್ಷದ ಬಾವುಟ ಹೊದಿಸಬೇಕು, ಯಾವ ಪಕ್ಷದ್ದೆಂದು ವಾದ. ಕಾಲು ಕಳೆದುಕೊಂಡಿದ್ದು ನಮ್ಮ ಪಕ್ಷದಲ್ಲಿದ್ದಾಗ ಎಂದು ಇವರು. ಕೊನೆಗಾಲದಲ್ಲಿ ನಮ್ಮವರಾಗಿದ್ದರು ಎಂದು ಅವರು. ದನಿ ಏರುತ್ತಿತ್ತು. ಮೈಕಣ್ಣ ಚಾಪೆಯ ಮೇಲೆ ಮಲಗಿದ್ದರು. ತಲೆಯ ಹತ್ತಿರ ಮಗಳು ಕೂತಿದ್ದಳು.

ಅವರ ಹೆಂಡತಿ ಒಳಗಿನಿಂದ ಎದ್ದು ಬಂದರು. ಎರಡೂ ಗುಂಪಿನವರ ಮುಂದೆ ಕೈಮುಗಿದರು. "ಎರಡೂ ತಗಂಡು ಹೋಗಿ. ನಿಮ್ಮ ಬಾವುಟ ಹೊದ್ದು ಸಾಕಾಗಿದೆ ಇವ್ರಿಗೆ." ಆಮೇಲೆ ಒಳಗೆ ಹೋಗಿ ಗಂಡ ದಿನಾ ಹೊದೆಯುತ್ತಿದ್ದ ಹಳೆಯ ಕಂಬಳಿ ತಂದು, ಎದೆಯಿಂದ ಕಾಲಿನವರೆಗೆ ತಾವೇ ಹೊದಿಸಿದರು. ಗುಂಪುಗಳು ಸ್ವಲ್ಪ ಹಿಂದೆ ಸರಿದವು, ಮನೆಗೆ ಹೋಗಲಿಲ್ಲ.

ಆಗ ತಮ್ಮ ಬಂದರು. ಅಷ್ಟು ವರ್ಷಗಳ ಮೇಲೆ ಆ ಮನೆಯ ಕಡೆ. ಹಿಂದೆ ಅವರ ಪಕ್ಷದ ಹತ್ತಿಪ್ಪತ್ತು ಜನ. ಅತ್ತು ಕಣ್ಣು ಕೆಂಪಾಗಿತ್ತು. ಆದರೆ ಅವರ ಕೈಯಲ್ಲೂ ಬಾವುಟ ಇತ್ತು, ಎರಡನೆಯ ಗುಂಪಿನವರದ್ದೇ ಬಾವುಟ. ಅಂಗಳದ ಬೇಲಿಗೆ ಗಳು ಹಾಕಿದ ದಣಪೆಯ ಹತ್ತಿರ ಬಂದು ನಿಂತರು. ಅವರ ಅತ್ತಿಗೆ ನೋಡಿದರು, ಅಂಗಳ ದಾಟಿ ದಣಪೆಯವರೆಗೆ ಹೋಗಿ ಕೈ ಮುಂದೆ ಚಾಚಿದರು. ನಾನು ಪಕ್ಕದಲ್ಲೇ ಇದ್ದೆ.

"ತಮ್ಮಾ, ಅಣ್ಣನ ನೋಡಕ್ಕೆ ಬಂದ್ಯಾ? ಬಾ. ನೀನೇ ಬೆಂಕಿ ಇಡ್ಬೇಕು ಅಂತ ನಂಗೂ ಆಸೆ. ಅದನ್ನ ಅಲ್ಲೇ ಯಾರ ಕೈಗಾದ್ರೂ ಕೊಟ್ಟು ಬಾ."

ಅವರು ಕೈಯಲ್ಲಿದ್ದದ್ದನ್ನು ನೋಡಿಕೊಂಡರು. ತಿರುಗಿ ಹಿಂದಿದ್ದವರನ್ನು ನೋಡಿದರು. ಅವರಲ್ಲಿ ಒಬ್ಬನೂ ಕೈ ನೀಡಲಿಲ್ಲ. ಒಬ್ಬ ಆಗಲೇ ಫೋನು ಎತ್ತಿ ಹಿಡಿದಿದ್ದ. ಒಂದು ಹೆಜ್ಜೆ ಒಳಗಿಟ್ಟರೆ ಸಾಕಿತ್ತು, ಬಾವುಟ ಅಲ್ಲೇ ಬೇಲಿಯ ಮೇಲೆ ಹಾಕಿದ್ದರೂ ಆಗುತ್ತಿತ್ತು. ಅವರು ಹಾಗೆಯೇ ನಿಂತರು. ಅತ್ತಿಗೆ ಕಾದರು. ಬಹಳ ಹೊತ್ತು ಕಾದರು. ಆಮೇಲೆ ತಮ್ಮನೇ ತಿರುಗಿ ಪಕ್ಷದವರ ನಡುವೆ ಸೇರಿಕೊಂಡರು. ಗುಂಪು ರಸ್ತೆಯ ಕಡೆ ಇಳಿದು ಹೋಯಿತು. ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ವಾಪಸು ಬಂದು, ಎತ್ತಿ, ಹೊತ್ತಾಯ್ತು ಎಂದರು. ಮಗಳು ಬೆಂಕಿ ಇಟ್ಟಳು.

ಉತ್ತರಕ್ರಿಯೆ ಎಲ್ಲ ಮುಗಿದ ಮೇಲೆ ಒಂದು ದಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ ತಮ್ಮ ಬಂದು ನನ್ನ ಎದುರು ಕೂತರು. ಇಬ್ಬರಿಗೂ ಚಹಾ ಹೇಳಿದರು. ತೂಕ ಇಳಿದಿತ್ತು, ಗಡ್ಡ ಬಿಟ್ಟಿದ್ದರು. ಮೇಜಿನ ಮೇಲೆ ಬೆರಳಾಡಿಸುತ್ತ, ಅತ್ತಿಗೆ ನಂಗೆ ಅಣ್ಣನ ಮುಖ ನೋಡಕ್ಕೂ ಬಿಡ್ಲಿಲ್ಲ ಮೇಷ್ಟ್ರೆ, ದಣಪೆಯಿಂದಲೇ ಅಟ್ಟಿದ್ರು ಎಂದರು. ಹೇಳುವಾಗ ಕಣ್ಣಲ್ಲಿ ನೀರು ಬಂತು. ನಟನೆಯಲ್ಲ. ಅವರು ಅದನ್ನು ನಂಬಿದ್ದರು. ಅವರ ಕಡೆಯವರ ಫೋನುಗಳಲ್ಲಿ ಆ ವಿಡಿಯೊ ಹಾಗೆಯೇ ಓಡಾಡುತ್ತಿತ್ತು, ಮಾತು ಕೇಳದ ಹಾಗೆ, ಅತ್ತಿಗೆ ಕೈ ಮುಂದೆ ಮಾಡಿ ನಿಂತಿರುವುದು ಮಾತ್ರ ಕಾಣುವ ಹಾಗೆ.

ನಾನು ಮೆಲ್ಲಗೆ ಹೇಳಿದೆ. "ಬಾ ಅಂದ್ರಲ್ಲ ಅವ್ರು. ಬಾವುಟ ಬಿಟ್ಟು ಬಾ ಅಂದಿದ್ದು. ನಾನು ಅಲ್ಲೇ ಪಕ್ಕದಲ್ಲಿದ್ದೆ."

ಅವರು ಕಣ್ಣೊರೆಸಿಕೊಂಡು ನನ್ನನ್ನು ನೋಡಿದರು. ಎಷ್ಟೋ ವರ್ಷದಿಂದ ನನ್ನನ್ನು ಕಂಡವರು, ನನ್ನ ಮಗಳ ಮದುವೆಗೆ ಚಪ್ಪರ ಹಾಕಿದವರು. ಹೊಸಬನನ್ನು ನೋಡಿದ ಹಾಗೆ ನೋಡಿದರು.

"ನೀವು ಆ ಕಡೆಯವ್ರು ಅಂತ ನಂಗೆ ಇಷ್ಟು ದಿನ ಗೊತ್ತಿರ್ಲಿಲ್ಲ" ಎಂದರು.

ಚಹಾ ಬರುವ ಮೊದಲೇ ಎದ್ದು ಹೋದರು. ಯಾವ ಕಡೆ ಎಂದು ಕೇಳಲು ನನಗೆ ಆಗಲಿಲ್ಲ. ಅಣ್ಣನ ಪಕ್ಷ ತಮ್ಮನ ಪಕ್ಷ ಎರಡೂ ಒಂದೇ ಆಗಿ ಎಷ್ಟೋ ಕಾಲವಾಗಿದೆ. ಸಾಹೇಬರು ಎಲ್ಲರಿಗೂ ಮಂತ್ರಿಗಳು. ಆದರೂ ಆ ಕಡೆ ಎಂಬುದೊಂದು ನಮ್ಮ ಊರಿನಲ್ಲಿ ಎಲ್ಲೋ ಇದೆ, ನಾನೀಗ ಅಲ್ಲಿದ್ದೇನೆ. ಹೋದ ವಾರ ಸಂತೆಯಲ್ಲಿ ಅವರು ಎದುರಿಗೆ ಬಂದರು. ನಾನು ಕೈ ಎತ್ತುವಷ್ಟರಲ್ಲಿ ರಸ್ತೆ ದಾಟಿ ಆಚೆ ಬದಿಗೆ ಹೋದರು.